ಜುನಾಗಢದ ನೂರು ಮೂಗುಗಳು

1889ರಲ್ಲಿ ಸೌರಾಷ್ಟ್ರದ ಜುನಾಗಢದಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಬರೆದವರು ಆ ಸಂಸ್ಥಾನದ ಮುಖ್ಯ ವೈದ್ಯಾಧಿಕಾರಿ ತ್ರಿಭೋವನದಾಸ್ ಮೋತೀಚಂದ್ ಶಾಹ. ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟಿಕೊಡುವ ಶಸ್ತ್ರಚಿಕಿತ್ಸೆ ಅದರ ವಿಷಯ. ನೂರು ರೋಗಿಗಳ ಸಂಕ್ಷಿಪ್ತ ವಿವರ ಎಂದು ಶೀರ್ಷಿಕೆಯಲ್ಲೇ ಹೇಳಿತ್ತು. ಸುಮಾರು ನಾಲ್ಕು ವರ್ಷಗಳ ಅವಧಿಯಲ್ಲಿ, ಒಂದೇ ಊರಿನಲ್ಲಿ, ಒಬ್ಬರೇ ವೈದ್ಯರು ಕಂಡ ನೂರು ಮೂಗುಗಳು ಅವು. ಆ ಕಾಲದ ಲಂಡನ್ ಅಥವಾ ಬರ್ಲಿನ್‌ನ ಶಸ್ತ್ರವೈದ್ಯನೊಬ್ಬನಿಗೆ ಇಡೀ ವೃತ್ತಿಜೀವನದಲ್ಲಿ ಅಷ್ಟು ಮೂಗುಗಳನ್ನು ಕಟ್ಟುವ ಸಂದರ್ಭ ಒದಗುವುದು ಅಪರೂಪವಾಗಿತ್ತು. ಅಲ್ಲಿ ಅಷ್ಟು ಜನರ ಮೂಗು ಹೋಗುತ್ತಿರಲಿಲ್ಲ.

ಜುನಾಗಢದಲ್ಲಿ ಹೋಗುತ್ತಿತ್ತು. ಕಾಠಿಯಾವಾಡವೆಂದು ಕರೆಯುತ್ತಿದ್ದ ಆ ಪರ್ಯಾಯ ದ್ವೀಪ ಆಗ ಸುಮಾರು ಇನ್ನೂರು ದೊಡ್ಡ, ಚಿಕ್ಕ ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಜಮೀನಿನ ಹಕ್ಕು, ಕಂದಾಯ, ಮಾನ ಇವುಗಳ ಜಗಳದಲ್ಲಿ ಸೋತವನು ಊರು ಬಿಟ್ಟು ಗುಡ್ಡ ಸೇರಿ ದರೋಡೆಗೆ ಇಳಿಯುವುದು ಅಲ್ಲಿ ಹಳೆಯ ರೂಢಿ. ಅಂಥವರನ್ನು ಗುಜರಾತಿನಲ್ಲಿ ಬಹಾರವಟಿಯಾ ಎನ್ನುತ್ತಾರೆ. ಜುನಾಗಢದ ನವಾಬ ಮೂರನೆಯ ಬಹಾದುರ್ ಖಾನನ ಆಳ್ವಿಕೆಯಲ್ಲಿ, 1880ರ ದಶಕದ ಮಧ್ಯದಲ್ಲಿ, ಇಣಾಜ್ ಎಂಬ ಹಳ್ಳಿಯ ಮಕ್ರಾಣಿ ಬಲೂಚಿಗಳು ಸಂಸ್ಥಾನದ ವಿರುದ್ಧ ತಿರುಗಿಬಿದ್ದರು. ಅವರ ನಾಯಕ ಕಾದು ಮಕ್ರಾಣಿ. ಸಂಸ್ಥಾನದ ಪಕ್ಷದವರು, ಸುಳಿವು ಕೊಟ್ಟವರು, ಎದುರು ನಿಂತವರು ಕೈಗೆ ಸಿಕ್ಕರೆ ಅವನ ತಂಡ ಮೂಗು ಕೊಯ್ದು ಬಿಡುತ್ತಿತ್ತು. ಕೊನೆಗೆ ಸಿಂಧಿನ ಕಡೆಗೆ ತಪ್ಪಿಸಿಕೊಂಡ ಕಾದುವನ್ನು ಹಿಡಿದು, 1887ರಲ್ಲಿ ಕರಾಚಿಯಲ್ಲಿ ಗಲ್ಲಿಗೇರಿಸಿದರು. ಜವೇರಚಂದ್ ಮೇಘಾಣಿಯವರ ‘ಸೋರಠೀ ಬಹಾರವಟಿಯಾ’ ಕೃತಿಯಲ್ಲಿ ಅವನ ಕಥೆಯೂ ಸೇರಿದೆ. ಮೂಗು ಕೊಯ್ಯುವವನು ಅವನು, ಜೋಡಿಸುವವನು ತ್ರಿಭೋವನ ಎಂಬ ಮಾತು ಆ ಸೀಮೆಯಲ್ಲಿ ಜನಜನಿತವಾಯಿತು. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆದವರು ಆ ಮಾತನ್ನು ದಾಖಲಿಸಿದ್ದಾರೆ. ಅವರಲ್ಲಿ ದರೋಡೆಕಾರನ ಹೆಸರು ಕಾಲು ಎಂದಾಗಿದೆ.

ಮೂಗನ್ನೇ ಆರಿಸಿಕೊಂಡು ಕೊಯ್ಯುವುದರ ಹಿಂದೆ ಲೆಕ್ಕಾಚಾರವಿತ್ತು. ಕೊಂದರೆ ಸತ್ತವನ ಕಥೆ ಅಲ್ಲಿಗೆ ಮುಗಿಯುತ್ತದೆ. ಮೂಗಿಲ್ಲದವನು ಬದುಕಿರುವಷ್ಟು ದಿನವೂ ತನಗಾದ ಅವಮಾನವನ್ನು ಮುಖದ ಮೇಲೆ ಹೊತ್ತು ತಿರುಗಬೇಕು. ಈ ಕ್ರೌರ್ಯ ಯಾವುದೋ ಒಂದು ಸೀಮೆಯದಲ್ಲ. ಹದಿನೇಳನೆಯ ಶತಮಾನದ ನಡುವೆ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯ ಮಧುರೆಯ ತಿರುಮಲ ನಾಯಕನ ಸೀಮೆಗೆ ನುಗ್ಗಿದಾಗ ಮೂಗು ಕೊಯ್ದು ರಾಶಿ ಹಾಕಿದ್ದನ್ನು, ಮಧುರೆಯವರು ಅದಕ್ಕೆ ಅದೇ ರೀತಿಯಲ್ಲಿ ಸೇಡು ತೀರಿಸಿಕೊಂಡದ್ದನ್ನು ಜೆಸುಯಿಟ್ ಪಾದ್ರಿಯೊಬ್ಬರ ಪತ್ರ ವಿವರಿಸುತ್ತದೆ. ಯುದ್ಧವಿಲ್ಲದ ಕಾಲದಲ್ಲಿ ಈ ಕತ್ತಿಗೆ ಹೆಚ್ಚಾಗಿ ಸಿಕ್ಕವರು ಹೆಂಗಸರು. ಹೆಂಡತಿಯ ಶೀಲದ ಮೇಲೆ ಶಂಕೆ ಬಂತೆಂದರೆ ಗಂಡ ಮೂಗಿಗೆ ಕೈ ಹಾಕುತ್ತಿದ್ದ. ಇಂದೋರಿನ ರೆಸಿಡೆನ್ಸಿ ಸರ್ಜನ್ ಆಗಿದ್ದ ಕೀಗನ್ ಎಂಬ ವೈದ್ಯ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚಿಕಿತ್ಸೆಗೆ ಬರುವ ಇಂಥ ಹೆಂಗಸರ ಬಗ್ಗೆ ನೊಂದು ಬರೆದಿದ್ದಾನೆ. ದರೋಡೆಕಾರರ ಹೆಸರು ಜಾನಪದದಲ್ಲಿ ಉಳಿಯಿತು. ಆ ಹೆಂಗಸರ ಹೆಸರು ಹಾಗೆ ಉಳಿಯಲಿಲ್ಲ.

ಮೂಗು ಕೊಯ್ಯುವವರಿದ್ದಲ್ಲಿ ಜೋಡಿಸುವವರೂ ಇದ್ದರು. ಅವರನ್ನು ಕಣ್ಣಾರೆ ಕಂಡು ಬರೆದ ಪಾಶ್ಚಾತ್ಯರಲ್ಲಿ ಮೊದಲಿಗರ ಸಾಲಿಗೆ ಸೇರುವವನು ವೆನಿಸ್‌ನ ನಿಕೊಲಾವ್ ಮನುಚ್ಚಿ. 1656ರಲ್ಲಿ ಸೂರತ್ ಬಂದರಿನಲ್ಲಿ ಇಳಿದ ಈ ಯುವಕ ಉಳಿದ ಬದುಕನ್ನೆಲ್ಲ ಭಾರತದಲ್ಲೇ ಕಳೆದ. ಔರಂಗಜೇಬನ ಸೈನ್ಯ ವಿಜಯಪುರದ ಮೇಲೆ ಬಿದ್ದ ಕಾಲದ ಪ್ರಸಂಗವೊಂದನ್ನು ಅವನು ಹೇಳುತ್ತಾನೆ. ವಿಜಯಪುರದವರು ಕೈಗೆ ಸಿಕ್ಕ ಮೊಗಲರ ಕಡೆಯವರ ಮೂಗು ಕೊಯ್ದು ಕಳಿಸುತ್ತಿದ್ದರು. ಅಲ್ಲಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಕೊಯ್ದು, ಕೆಳಕ್ಕೆ ಇಳಿಬಿಟ್ಟು, ಹಸಿ ಮಾಂಸಕ್ಕೆ ಹಸಿ ಮಾಂಸ ತಾಗುವಂತೆ ತಿರುಚಿ ಗಾಯದ ಮೇಲೆ ಕೂರಿಸುತ್ತಿದ್ದರು. ಹೀಗೆ ಬಂದ ಮೂಗು ಅಷ್ಟೇನೂ ಸುಂದರವಲ್ಲದಿದ್ದರೂ ಮೂಗೇ ಆಗಿತ್ತು. ಅಂಥ ಮೂಗಿನವರನ್ನು ತಾನು ಬಹಳ ಕಂಡಿದ್ದೇನೆ ಎಂದು ಮನುಚ್ಚಿ ಬರೆಯುತ್ತಾನೆ. ಇಂದಿನ ಉತ್ತರ ಕರ್ನಾಟಕದ ನೆಲದಲ್ಲಿ, ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಡೆದ ಈ ಕೆಲಸ ಕನ್ನಡದ ವೈದ್ಯಕೀಯ ಬರಹಗಳಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ.

ವಿದ್ಯೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯ ಹರಿದ ಕಿವಿಯನ್ನು ಸೇರಿಸುವ ಹದಿನೈದು ಬಗೆಗಳನ್ನು ಹೇಳಿ, ಕೊನೆಯಲ್ಲಿ ಮೂಗಿಗೆ ಬರುತ್ತದೆ. ಹೋದ ಮೂಗಿನ ಅಳತೆಗೆ ಮರದ ಎಲೆಯೊಂದನ್ನು ಕತ್ತರಿಸಿಕೊಳ್ಳಬೇಕು. ಆ ಎಲೆಯ ಅಳತೆಗೆ ಕೆನ್ನೆಯ ಚರ್ಮವನ್ನು ಬುಡದಲ್ಲಿ ಬಿಡಿಸದೆ ಎಬ್ಬಿಸಬೇಕು. ಮೂಗಿನ ಮೊಂಡು ಅಂಚನ್ನು ಕೆರೆದು ಹಸಿಯಾಗಿಸಿ ಅದರ ಮೇಲೆ ಚರ್ಮವನ್ನು ಕೂರಿಸಿ ಕಟ್ಟಬೇಕು. ಉಸಿರಾಟಕ್ಕೆ ಎರಡು ನಳಿಗೆಗಳನ್ನಿಟ್ಟು ಮೇಲೆತ್ತಿ, ಪತಂಗದ ಚಕ್ಕೆ, ಅತಿಮಧುರ, ರಸಾಂಜನಗಳ ಪುಡಿ ಉದುರಿಸಿ, ಹತ್ತಿ ಹೊದಿಸಿ ಎಳ್ಳೆಣ್ಣೆ ಚಿಮುಕಿಸಬೇಕು. ತುಟಿಯನ್ನೂ ಹೀಗೆಯೇ ಸೇರಿಸಬಹುದು, ಅದಕ್ಕೆ ನಳಿಗೆ ಬೇಡ ಎಂಬ ಮಾತೂ ಅಲ್ಲೇ ಬರುತ್ತದೆ. ಮುಂದೆ ಆಯುರ್ವೇದ ಗ್ರಂಥಕಾರ ವಾಗ್ಭಟ ತುಟಿಯ ರೋಗಗಳನ್ನು ಎಣಿಸುವಾಗ ಮೊದಲಿಗೆ ಖಂಡೌಷ್ಠವನ್ನು, ಅಂದರೆ ಸೀಳುತುಟಿಯನ್ನು ಹೆಸರಿಸುತ್ತಾನೆ.

ಸುಶ್ರುತನಲ್ಲಿ ಇನ್ನೂ ಹೆಚ್ಚು ಗಮನಿಸಬೇಕಾದದ್ದು ಒಂಬತ್ತನೆಯ ಅಧ್ಯಾಯ. ಎಷ್ಟೇ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರದವನು ಎಂಬ ನಿಲುವಿನಿಂದ ಅದು ಹೊರಡುತ್ತದೆ. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಕೆರೆಯುವುದನ್ನು ಕೂದಲಿರುವ ಚರ್ಮವನ್ನು ಬಿಗಿದು ಕಲಿಯಬೇಕು. ನಾಳಗಳನ್ನು ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳ ಮತ್ತು ತಾವರೆಯ ದಂಟುಗಳ ಮೇಲೆ, ಹೊಲಿಯುವುದನ್ನು ದಪ್ಪ ಬಟ್ಟೆ ಮತ್ತು ಮೆದು ಚರ್ಮದ ಅಂಚಿನ ಮೇಲೆ, ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಮೇಲೆ ಅಭ್ಯಾಸ ಮಾಡಬೇಕು. ಕಿವಿ ಜೋಡಿಸುವ ಅಭ್ಯಾಸಕ್ಕೆ ಮೃದುವಾದ ಮಾಂಸದ ತುಂಡನ್ನು ಹೇಳಿದೆ. ರೋಗಿಯ ಮೈ ಮುಟ್ಟುವ ಮೊದಲು ಇಷ್ಟೆಲ್ಲ ಆಗಬೇಕಿತ್ತು.

ಆದರೆ ಗ್ರಂಥದಲ್ಲಿ ಉಳಿದ ವಿದ್ಯೆ ಗ್ರಂಥ ಓದುವವರ ಕೈಯಲ್ಲಿ ಉಳಿಯಲಿಲ್ಲ. ಮಧ್ಯಯುಗದ ಹೊತ್ತಿಗೆ ಪಂಡಿತರಾದ ವೈದ್ಯರು ರಕ್ತ ಮುಟ್ಟುವುದನ್ನು ಬಿಟ್ಟರು. ಕತ್ತಿ ಹಿಡಿಯುವ ಕೆಲಸ ಅಕ್ಷರವಿಲ್ಲದ ಕಸುಬುದಾರರಿಗೆ ಹೋಯಿತು. ಹಿಮಾಲಯದ ತಪ್ಪಲಿನ ಕಾಂಗಡಾದಲ್ಲಿ ಕೆಲವು ಮನೆತನಗಳು, ಮಹಾರಾಷ್ಟ್ರದಲ್ಲಿ ಕುಂಬಾರರು ಮತ್ತು ಇಟ್ಟಿಗೆ ಸುಡುವವರು ಇದನ್ನು ತಂದೆಯಿಂದ ಮಗನಿಗೆ ದಾಟಿಸಿಕೊಂಡು ಬಂದರು. ಹೊರಗಿನವರಿಗೆ ಹೇಳಿಕೊಡುತ್ತಿರಲಿಲ್ಲ. ಮಕ್ಕಳಿಲ್ಲದೆ ಹೋದರೆ ವಿದ್ಯೆಯೂ ಅಲ್ಲಿಗೆ ನಿಲ್ಲುತ್ತಿತ್ತು.

ಅಂಥ ಒಬ್ಬನ ಕೈಕೆಲಸ ಜಗತ್ತಿನ ಗಮನ ಸೆಳೆದದ್ದು ಶ್ರೀರಂಗಪಟ್ಟಣದ ಯುದ್ಧದಿಂದ. ಕವಾಸ್‌ಜಿ ಎಂಬ ಮರಾಠಿ ರೈತಾಪಿ ಮನುಷ್ಯ 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಒಂದು ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಕುಲದವನೊಬ್ಬ ಹೊಸ ಮೂಗು ಕಟ್ಟಿದ. ಬೊಂಬಾಯಿ ಪ್ರೆಸಿಡೆನ್ಸಿಯ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಈ ಶಸ್ತ್ರಕ್ರಿಯೆಯನ್ನು ಎದುರಿಗೆ ನಿಂತು ನೋಡಿದರು. ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಂತು.

ಆ ವರದಿ ಈಗಲೂ ಪಾಠದಂತಿದೆ. ಮೊದಲು ಮೇಣದ ತೆಳುವಾದ ಹಾಳೆಯಿಂದ ಚೆಂದದ ಮೂಗೊಂದನ್ನು ಮೊಂಡಿನ ಮೇಲೆ ರೂಪಿಸುತ್ತಾರೆ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಕಿರಿದಾದ ತೊಟ್ಟನ್ನು ಉಳಿಸುತ್ತಾರೆ. ಮೊಂಡಿನ ಹಳೆಯ ಕಲೆಯನ್ನು ಹೆರೆದು, ಅದರ ಹಿಂದೆ ಸೀಳು ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ತಂದು ಅಂಚನ್ನು ಆ ಸೀಳಿನಲ್ಲಿ ಸಿಕ್ಕಿಸುತ್ತಾರೆ. ಹೊಲಿಗೆ ಇಲ್ಲ. ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಮೆದುವಾಗಿಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ನಾಲ್ಕು ದಿನ ಅದನ್ನು ಮುಟ್ಟುವಂತಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆ ತುರುಕುತ್ತಾರೆ. ಸುಮಾರು ಇಪ್ಪತ್ತೈದನೆಯ ದಿನ ತೊಟ್ಟನ್ನು ಕತ್ತರಿಸುತ್ತಾರೆ.

ಎಲ್ಲ ಗುಟ್ಟೂ ಆ ತೊಟ್ಟಿನಲ್ಲಿದೆ. ಕಣ್ಣಿನ ಒಳಮೂಲೆಯ ಮೇಲಿನಿಂದ ಹಣೆಗೆ ಏರುವ ಸಣ್ಣ ಧಮನಿಗಳು ಅದರೊಳಗೆ ಹಾದುಹೋಗುತ್ತವೆ. ಹಣೆಯಿಂದ ಬಿಡಿಸಿದ ಚರ್ಮ, ಹೊಸ ಜಾಗದಲ್ಲಿ ರಕ್ತ ಸಂಪರ್ಕ ಬೆಳೆಸಿಕೊಳ್ಳುವ ತನಕ, ಕಾಯಿ ಬಳ್ಳಿಯಿಂದ ಹೀರುವಂತೆ ಆ ತೊಟ್ಟಿನ ಮೂಲಕವೇ ಬದುಕುತ್ತದೆ. ತೊಟ್ಟು ಬೇಗ ಕತ್ತರಿಸಿದರೆ ಮೂಗು ಕಪ್ಪಾಗಿ ಸಾಯುತ್ತದೆ. ಅಂಗರಚನೆಯ ಪುಸ್ತಕ ಓದದ ಇಟ್ಟಿಗೆ ಸುಡುವವನು ಇಪ್ಪತ್ತೈದು ದಿನ ಕಾಯಬೇಕೆಂದು ಅನುಭವದಿಂದಲೇ ಅರಿತಿದ್ದ. ಇಂದಿನ ಶಸ್ತ್ರವೈದ್ಯರು ಹಣೆಯ ತೊಟ್ಟನ್ನು ಬಿಡಿಸುವುದು ಕೂಡ ಸಾಮಾನ್ಯವಾಗಿ ಮೂರು ವಾರ ಕಳೆದ ಮೇಲೆಯೇ.

ಆ ವರದಿಯನ್ನು ಓದಿದ ಲಂಡನ್ನಿನ ಜೋಸೆಫ್ ಕಾರ್‌ಪ್ಯೂ ಶವಗಳ ಮೇಲೆ ಅಭ್ಯಾಸ ಮಾಡಿ, ಇಪ್ಪತ್ತು ವರ್ಷಗಳ ಬಳಿಕ, 1814ರ ಅಕ್ಟೋಬರ್‌ನಲ್ಲಿ ಮೊದಲ ಶಸ್ತ್ರಕ್ರಿಯೆ ನಡೆಸಿ 1816ರಲ್ಲಿ ಪುಸ್ತಕ ಪ್ರಕಟಿಸಿದ. 1818ರಲ್ಲಿ ಬರ್ಲಿನ್‌ನ ಫಾನ್ ಗ್ರೇಫೆ ಇನ್ನೊಂದು ಗ್ರಂಥ ತಂದ. ಭಾರತೀಯ ವಿಧಾನ ಎಂಬ ಹೆಸರು ಯೂರೋಪಿನಲ್ಲಿ ನಿಂತಿತು. ಆದರೆ ಭಾರತದ ಕಡೆಯಿಂದ, ಭಾರತೀಯನೊಬ್ಬ, ತಾನು ಮಾಡಿದ ಕೆಲಸವನ್ನು ತಾನೇ ಎಣಿಸಿ ಬರೆದದ್ದು 1889ರ ಜುನಾಗಢದ ಪುಸ್ತಕ ಬಂದಾಗ.

ತ್ರಿಭೋವನದಾಸರ ಮಹತ್ವ ಇಲ್ಲಿದೆ. ಹಣೆಯ ಚರ್ಮದಿಂದ ಮೂಗು ಕಟ್ಟುವುದನ್ನು ಅವರು ಕಂಡುಹಿಡಿಯಲಿಲ್ಲ. ಎರಡು ದಾರಿಗಳು ಅವರಲ್ಲಿ ಕೂಡಿದವು. ಒಂದು ಕಡೆ ನಾಡಿನಲ್ಲಿ ಬಳಕೆಯಲ್ಲಿದ್ದ ಹಳೆಯ ವಿಧಾನ, ಇನ್ನೊಂದು ಕಡೆ ಆಸ್ಪತ್ರೆಯ ಶಿಸ್ತು. ಅವರ ಕಾಲಕ್ಕೆ ಕ್ಲೋರೋಫಾರ್ಮ್ ಬಂದು ನಾಲ್ಕು ದಶಕಗಳಾಗಿದ್ದವು, ಲಿಸ್ಟರನ ಕ್ರಿಮಿನಾಶಕ ಪದ್ಧತಿ ಬಂದು ಎರಡು ದಶಕಗಳಾಗಿದ್ದವು. ಶಸ್ತ್ರಕ್ರಿಯೆಯ ಪ್ರತಿ ಹಂತವನ್ನೂ ಅವರು ಸಣ್ಣ ವಿವರಗಳ ಸಮೇತ ಬರೆದರು. ಕೆನ್ನೆಯ ಚರ್ಮಕ್ಕಿಂತ ಹಣೆಯ ಚರ್ಮ ಏಕೆ ಮೇಲು ಎಂದು ವಾದಿಸಿದರು. ಮನೆತನದ ಗುಟ್ಟಾಗಿದ್ದುದನ್ನು ಯಾರು ಬೇಕಾದರೂ ಓದಿ, ಪರೀಕ್ಷಿಸಿ, ತಿದ್ದಬಹುದಾದ ವಸ್ತುವಾಗಿಸಿದರು. ಒಂದು ಕಸುಬು ವಿಜ್ಞಾನವಾಗುವ ಗಳಿಗೆ ಇದೇ. ಅದು ನಡೆದದ್ದು ಕಲ್ಕತ್ತೆ, ಬೊಂಬಾಯಿಯಂಥ ರಾಜಧಾನಿಯಲ್ಲಲ್ಲ, ಗಿರ್ ಕಾಡಿನ ಅಂಚಿನ ಒಂದು ಸಂಸ್ಥಾನದ ಊರಿನಲ್ಲಿ.

ತಿದ್ದುವವರು ಬೇಗನೆ ಬಂದರು. ಹಣೆಯ ಚರ್ಮವನ್ನಷ್ಟೇ ತಂದು ಹೊದಿಸಿದರೆ ಒಳಮೈ ಹಸಿಯಾಗಿಯೇ ಉಳಿಯುತ್ತದೆ. ಹಸಿ ಮೈ ಒಣಗುತ್ತಾ ಸೊರಗುತ್ತದೆ, ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಕಟ್ಟಿದ ಮೂಗು ಕೆಲವು ತಿಂಗಳಲ್ಲಿ ಗುಪ್ಪೆಯಾಗುತ್ತದೆ. ಇಂದೋರಿನ ಕೀಗನ್ ಮೂಗಿನ ಉಳಿದ ಭಾಗದ ಚರ್ಮವನ್ನು ಕದದಂತೆ ಕೆಳಕ್ಕೆ ಮಗುಚಿ ಒಳಪದರ ಮಾಡಿ, ಅದರ ಮೇಲೆ ಹಣೆಯ ಚರ್ಮ ಕೂರಿಸುವ ಸುಧಾರಣೆ ತಂದ. ಎಲುಬು, ಮೃದ್ವಸ್ಥಿಗಳ ಆಧಾರ ಕೊಡುವ ವಿಧಾನಗಳು ಇಪ್ಪತ್ತನೆಯ ಶತಮಾನದಲ್ಲಿ ರೂಢಿಗೆ ಬಂದವು. ಒಳಪದರ, ಆಧಾರ, ಹೊರಚರ್ಮ ಎಂಬ ಮೂರು ಪದರಗಳ ಲೆಕ್ಕ ಇಂದಿಗೂ ಮೂಗಿನ ಪುನರ್ರಚನೆಯ ಅಡಿಪಾಯ.

ಹಳೆಯ ವಿದ್ಯೆಯನ್ನು ಅಚ್ಚಿಗೆ ತಂದವರು ಕಾಠಿಯಾವಾಡದಲ್ಲಿ ಇನ್ನೂ ಇದ್ದರು. ಜುನಾಗಢದ ನೆರೆಯ ಗೋಂಡಲ್ ಸಂಸ್ಥಾನದ ಅರಸು ಭಗವತ್‌ಸಿಂಹಜಿ ಸ್ವತಃ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದವರು. ಭಾರತೀಯ ವೈದ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1896ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. ಪೋರ್‌ಬಂದರ್ ಮೂಲದ ಯಾದವ್‌ಜಿ ತ್ರಿಕಮ್‌ಜಿ ಆಚಾರ್ಯರು ಡಲ್ಹಣನ ವ್ಯಾಖ್ಯಾನ ಸಹಿತ ಸುಶ್ರುತ ಸಂಹಿತೆಯನ್ನು ಸಂಪಾದಿಸಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಹೊರತಂದರು. ಎಲೆಯ ಅಳತೆಯ ಆ ಶ್ಲೋಕಗಳನ್ನು ಇಂದು ಸಂಸ್ಕೃತದಲ್ಲಿ ಓದುವವರು ಬಹುಪಾಲು ಅವರ ಪಾಠವನ್ನೇ ಅವಲಂಬಿಸುತ್ತಾರೆ.

ಒಬ್ಬರ ಕೈಚಳಕ ಎಷ್ಟೇ ದೊಡ್ಡದಿರಲಿ, ಅದನ್ನು ಸಾಲಾಗಿ ಕಲಿಸುವ ಶಾಲೆ ಬೇಕು. ಗುಜರಾತಿನಲ್ಲಿ ಆ ಶಾಲೆ ಅಹಮದಾಬಾದಿನಲ್ಲಿ ತೀರಾ ಸಣ್ಣದಾಗಿ ಶುರುವಾಗಿತ್ತು. ಅಲ್ಲಿನ ಜೈನ ವರ್ತಕ ಕುಟುಂಬಗಳ ದಾನದಿಂದ 1858ರಲ್ಲಿ ಹಠೀಸಿಂಗ್ ಮತ್ತು ಪ್ರೇಮಾಭಾಯಿ ಆಸ್ಪತ್ರೆ ಎದ್ದಿತ್ತು. 1871ರಲ್ಲಿ ಹದಿನಾಲ್ಕು ವಿದ್ಯಾರ್ಥಿಗಳ ವೈದ್ಯಶಾಲೆ ಆರಂಭವಾಯಿತು. 1879ರಲ್ಲಿ ಪಾರ್ಸಿ ದಾನಿ ಬೈರಾಮ್‌ಜಿ ಜೀಜಿಭಾಯಿ 20,000 ರೂಪಾಯಿ ಕೊಟ್ಟ ಮೇಲೆ ಅದಕ್ಕೆ ಅವರ ಹೆಸರು ಬಂತು. ಇಂದಿಗೂ ಅದು ಬಿ.ಜೆ. ಮೆಡಿಕಲ್ ಕಾಲೇಜ್. ಪೂರ್ಣ ಕಾಲೇಜಾದದ್ದು 1946ರಲ್ಲಿ. ಆಸ್ಪತ್ರೆ 1950ರ ದಶಕದಲ್ಲಿ ಅಸಾರ್ವಾದ ವಿಶಾಲ ಆವರಣಕ್ಕೆ ಬಂತು. ವಡೋದರದಲ್ಲಿ ಗಾಯಕವಾಡರ ಕಾಲದಲ್ಲಿ, 1886ರಲ್ಲಿ, ಕೌಂಟೆಸ್ ಆಫ್ ಡಫರಿನ್ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಅದು ಮುಂದೆ ಸರ್ ಸಯ್ಯಾಜಿರಾವ್ ಜನರಲ್ ಆಸ್ಪತ್ರೆಯಾಯಿತು. ಊರವರ ಬಾಯಲ್ಲಿ ಎಸ್.ಎಸ್.ಜಿ. ಅದಕ್ಕೆ ಸೇರಿದ ಮೆಡಿಕಲ್ ಕಾಲೇಜ್ 1949ರದು. ಮನುಚ್ಚಿ ಇಳಿದ ಸೂರತ್‌ಗೆ ಸರಕಾರಿ ಮೆಡಿಕಲ್ ಕಾಲೇಜ್ ಬಂದದ್ದು 1964ರಲ್ಲಿ, ಗುಜರಾತ್ ಪ್ರತ್ಯೇಕ ರಾಜ್ಯವಾದ ನಾಲ್ಕು ವರ್ಷಗಳ ನಂತರ.

ಈ ಕಾಲೇಜುಗಳು ಸಾಮಾನ್ಯ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದ ಕಾಲದಲ್ಲಿ ಮುಖದ ಪುನರ್ರಚನೆ ಜಗತ್ತಿನಾದ್ಯಂತ ಬದಲಾಗಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಗುಂಡು ಬಡಿದು ಮುಖ ಕಳೆದುಕೊಂಡ ಸಾವಿರಾರು ಸೈನಿಕರು ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಗೆ ಬಂದರು. ಹ್ಯಾರಲ್ಡ್ ಗಿಲೀಸ್ ಅಲ್ಲಿ 1917ರಲ್ಲಿ ಚರ್ಮದ ಪಟ್ಟಿಯನ್ನು ಕೊಳವೆಯಾಗಿ ಹೊಲಿದು ಹಂತಹಂತವಾಗಿ ಸಾಗಿಸುವ ವಿಧಾನ ತಂದ. ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಿದ್ದ ಐವನ್ ಮ್ಯಾಗಿಲ್ ಶ್ವಾಸನಾಳಕ್ಕೆ ನೇರವಾಗಿ ಕೊಳವೆ ಇಳಿಸುವ ತಂತ್ರವನ್ನು ಪಳಗಿಸಿದ. ಬಾಯಿಯೊಳಗೆ ಕೆಲಸ ಮಾಡುವಾಗ ರಕ್ತ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವ ದಾರಿ ಇದರಿಂದ ಸಿಕ್ಕಿತು. ಸೀಳಂಗುಳದ ಎಳೆ ಮಗುವನ್ನು ಇಂದು ನಿಶ್ಚಿಂತೆಯಿಂದ ಮೇಜಿನ ಮೇಲೆ ಮಲಗಿಸುವುದು ಸಾಧ್ಯವಾದದ್ದು ಕತ್ತಿಗಿಂತ ಹೆಚ್ಚಾಗಿ ಈ ಕೊಳವೆಯಿಂದ.

ಗಿಲೀಸನ ಬಳಿ ಕಲಿತ ಭಾರತೀಯರಲ್ಲಿ ಹುಬ್ಬಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಪಾರ್ಸಿ ವೈದ್ಯ ನೋಶಿರ್ ಅಂಟಿಯಾ ಒಬ್ಬರು. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿದವರು ಅವರು. ಕುಷ್ಠದಿಂದ ಮೂಗು ಕುಸಿದವರ, ಕೈ ಮುದುಡಿದವರ ಶಸ್ತ್ರಚಿಕಿತ್ಸೆಯನ್ನು ತಮ್ಮ ವ್ರತದಂತೆ ನಡೆಸಿದರು. ಕಿವಿಯಂಚಿನ ಕೊರತೆಯನ್ನು ಸರಿಪಡಿಸಲು ಅವರು ಮತ್ತು ಬುಚ್ ಎಂಬ ವೈದ್ಯರು 1967ರಲ್ಲಿ ವಿವರಿಸಿದ ವಿಧಾನ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇಬ್ಬರ ಹೆಸರಿನಿಂದಲೇ ಇದೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಚಾರ್ಲ್ಸ್ ಪಿಂಟೊ ಸೀಳುತುಟಿಯ ಕೆಲಸಕ್ಕೆ ಹೆಸರಾದರು. ಅವರ ಶಿಷ್ಯ ಎಚ್.ಎಸ್. ಅದೆನ್‌ವಾಲಾ 1959ರಲ್ಲಿ ಕೇರಳದ ತ್ರಿಶೂರಿಗೆ ಹೋಗಿ ಅಲ್ಲಿಯೇ ನೆಲೆಸಿ ಸಾವಿರಾರು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನಾಗಪುರದ ಸಿ. ಬಾಲಕೃಷ್ಣನ್ 1975ರಲ್ಲಿ ಸೀಳುತುಟಿ, ಸೀಳಂಗುಳಗಳಿಗೆ ಭಾರತೀಯ ವರ್ಗೀಕರಣವೊಂದನ್ನು ರೂಪಿಸಿದರು. 1960ರ ತನಕ ಅಹಮದಾಬಾದ್, ಸೂರತ್‌ಗಳು ಬೊಂಬಾಯಿ ಪ್ರಾಂತ್ಯ, ಆಮೇಲೆ ಬೊಂಬಾಯಿ ರಾಜ್ಯದ ಊರುಗಳೇ ಆಗಿದ್ದವು. ಉನ್ನತ ತರಬೇತಿ ಎಂದರೆ ಮುಂಬಯಿ ರೈಲು ಹತ್ತುವುದೇ ಆಗಿತ್ತು. ಪ್ಲಾಸ್ಟಿಕ್ ಸರ್ಜರಿಯ ಉನ್ನತ ಪದವಿ ಎಂ.ಸಿಎಚ್. ಅಹಮದಾಬಾದಿನಲ್ಲೇ ಸಿಗುವಂತಾದಾಗ ಈ ಪ್ರಯಾಣ ನಿಂತಿತು. 1963ರಲ್ಲಿ ಆರಂಭವಾದ ಅಲ್ಲಿನ ಸರಕಾರಿ ದಂತ ಕಾಲೇಜ್ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಯ ಇನ್ನೊಂದು ದಾರಿ ತೆರೆಯಿತು.

ರೋಗಿಗಳೂ ಬದಲಾಗಿದ್ದರು. ಕೊಯ್ದ ಮೂಗಿನ ಜಾಗಕ್ಕೆ ಹುಟ್ಟಿನಿಂದಲೇ ಸೀಳಿದ ತುಟಿ ಬಂದಿತ್ತು. ಭಾರತದಲ್ಲಿ ಸುಮಾರು 700ರಿಂದ 800 ಹೆರಿಗೆಗೆ ಒಂದು ಮಗು ಸೀಳುತುಟಿ ಅಥವಾ ಸೀಳಂಗುಳದೊಂದಿಗೆ ಹುಟ್ಟುತ್ತದೆ. ಗರ್ಭದ ನಾಲ್ಕನೆಯ ವಾರದಿಂದ ಹತ್ತನೆಯ ವಾರದೊಳಗೆ, ಮುಖದ ಎಡಬಲ ಭಾಗಗಳು ಬಂದು ಕೂಡಬೇಕಾದ ಹೊತ್ತಿನಲ್ಲಿ, ಕೂಡದೆ ಉಳಿದ ಗೆರೆ ಅದು. ಬಸುರಿ ಗ್ರಹಣ ನೋಡಿದಳು, ಗ್ರಹಣದ ಹೊತ್ತಿನಲ್ಲಿ ಕುಡುಗೋಲು ಮುಟ್ಟಿದಳು ಎಂಬ ದೂರು ಗುಜರಾತಿನಲ್ಲೂ ಕರ್ನಾಟಕದಲ್ಲೂ ಒಂದೇ ರೀತಿ ಕೇಳಿಬರುತ್ತದೆ. ತಾಯಿಯ ಮೇಲೆ ಹೊರಿಸುವ ಈ ತಪ್ಪಿಗೆ ಯಾವ ಆಧಾರವೂ ಇಲ್ಲ. ಹುಟ್ಟಿದ ಮಗುವಿನ ಮೊದಲ ಕಷ್ಟ ಹಾಲು. ಅಂಗುಳ ಸೀಳಿದ್ದರೆ ಮೊಲೆ ಚೀಪಲು ಬೇಕಾದ ಎಳೆತ ಬಾಯಲ್ಲಿ ಹುಟ್ಟುವುದಿಲ್ಲ, ಕುಡಿದದ್ದು ಮೂಗಿನಿಂದ ಬರುತ್ತದೆ. ತಲೆಯನ್ನು ಎತ್ತರಕ್ಕೆ ಹಿಡಿದು ಚಮಚದಲ್ಲೋ ಒಳಲೆಯಲ್ಲೋ ಹಿಂಡಿದ ಹಾಲು ಹನಿಸುವುದನ್ನು ಹೇಳಿಕೊಟ್ಟರೆ ಮಗು ಉಳಿಯುತ್ತದೆ. ಇದನ್ನು ಹೇಳಿಕೊಡುವವರಿಲ್ಲದೆ ಸೊರಗಿ ಸತ್ತ ಮಕ್ಕಳು ಅದೆಷ್ಟೋ.

ತುಟಿಯ ಅಂಚುಗಳನ್ನು ಹೆರೆದು ಎಳೆದು ಹೊಲಿಯುವುದು ಹಳೆಯ ಕ್ರಮ. ಹಾಗೆ ಹೊಲಿದ ತುಟಿ ಗಾಯ ಮಾಯುತ್ತಾ ಮೇಲಕ್ಕೆ ಜಗ್ಗಿ ಮೋಟಾಗುತ್ತಿತ್ತು. 1949ರಲ್ಲಿ ಲೆ ಮೆಸುರಿಯೆ ಚೌಕಾಕಾರದ, 1952ರಲ್ಲಿ ಟೆನಿಸನ್ ತ್ರಿಕೋನಾಕಾರದ ತುಂಡನ್ನು ನಡುವೆ ಸೇರಿಸಿ ಉದ್ದ ಗಳಿಸಿದರು. ಕೊರಿಯಾದಲ್ಲಿ ಅಮೆರಿಕನ್ ಪಡೆಯ ವೈದ್ಯನಾಗಿದ್ದ ರಾಲ್ಫ್ ಮಿಲ್ಲಾರ್ಡ್ ಅಲ್ಲಿನ ಮಕ್ಕಳ ತುಟಿಗಳನ್ನು ನೋಡುತ್ತಾ ಬೇರೆ ಮಾತು ಹೇಳಿದ. ತುಟಿಯ ಅಂಶಗಳು ಇಲ್ಲವಾಗಿಲ್ಲ, ಜಾಗ ತಪ್ಪಿವೆ. ಮೇಲ್ದುಟಿಯ ನಡುವಿನ ಬಿಲ್ಲಿನಾಕಾರದ ಅಂಚು ಒಂದು ಪಕ್ಕ ಮೇಲಕ್ಕೆ ತಿರುಗಿ ನಿಂತಿದೆ. ಅದನ್ನು ಕೆಳಕ್ಕೆ ತಿರುಗಿಸಿ, ತೆರವಾದ ಜಾಗಕ್ಕೆ ಪಕ್ಕದ ತುಂಡನ್ನು ಮುಂದೆ ತಂದರೆ ಹೊಲಿಗೆಯ ಗೆರೆ ಸಹಜವಾದ ಏಣಿನ ಮೇಲೆಯೇ ಬೀಳುತ್ತದೆ. 1955ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಮಂಡಿಸಿದ ಈ ವಿಧಾನವೇ, ಹಲವು ಮಾರ್ಪಾಡುಗಳೊಂದಿಗೆ, ಇಂದು ಅಹಮದಾಬಾದಿನಿಂದ ಹುಬ್ಬಳ್ಳಿಯ ತನಕ ಹೆಚ್ಚಾಗಿ ಬಳಕೆಯಲ್ಲಿದೆ. ಬಾಯಿಯನ್ನು ಸುತ್ತುವರಿದ ಸ್ನಾಯು ಸೀಳಿನ ಎರಡೂ ಬದಿಗೆ ತಪ್ಪಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಅಡ್ಡಕ್ಕೆ ಸೇರಿಸದಿದ್ದರೆ, ಸುಮ್ಮನಿದ್ದಾಗ ಚೆಂದ ಕಾಣುವ ತುಟಿ ಮಗು ನಕ್ಕಾಗ ಉಬ್ಬುತ್ತದೆ.

ಅಂಗುಳದ್ದು ಬೇರೆ ಲೆಕ್ಕ. ಅಲ್ಲಿ ಬೇಕಾದದ್ದು ರೂಪವಲ್ಲ, ಮಾತು. 1861ರಲ್ಲಿ ಲಾಂಗೆನ್‌ಬೆಕ್ ಗಟ್ಟಿ ಅಂಗುಳದ ಪದರವನ್ನು ಎಲುಬಿನಿಂದ ಎಬ್ಬಿಸಿ ನಡುವೆ ಸೇರಿಸಿದ. 1930ರ ದಶಕದಲ್ಲಿ ವೋ, ವಾರ್ಡಿಲ್, ಕಿಲ್ನರ್ ಅದನ್ನು ಹಿಂದಕ್ಕೆ ತಳ್ಳಿ ಉದ್ದ ಮಾಡಿದರು. 1986ರಲ್ಲಿ ಫರ್ಲೋ ಮೆದು ಅಂಗುಳದ ಸ್ನಾಯುಗಳನ್ನು ಎದುರುಬದುರು ಓರೆಯಾಗಿ ದಾಟಿಸಿ ಹೊಲಿಯುವ ವಿಧಾನ ಪ್ರಕಟಿಸಿದ. ಸ್ನಾಯು ಸರಿಯಾಗಿ ಕೂಡದಿದ್ದರೆ ಮೆದು ಅಂಗುಳ ಗಂಟಲ ಹಿಂಗೋಡೆಯನ್ನು ಮುಟ್ಟುವುದಿಲ್ಲ. ಪ, ಬ, ಕ, ಗ ಹೇಳುವಾಗ ಉಸಿರು ಮೂಗಿನಿಂದ ಸೋರಿ ಹೋಗುತ್ತದೆ. ಮಾತು ಕಲಿಯುವ ವಯಸ್ಸು ಮೀರಿದ ಮೇಲೆ ಅಂಗುಳ ಮುಚ್ಚಿದರೆ ತಪ್ಪು ಉಚ್ಚಾರಣೆ ರೂಢಿಯಾಗಿ ಉಳಿದುಬಿಡುತ್ತದೆ.

ಈ ಕೆಲಸವನ್ನು ಕಲಿಯುವ ಕಿರಿಯ ವೈದ್ಯ ಮೊದಲು ಕಲಿಯುವುದು ಗುರುತು ಹಾಕುವುದನ್ನು. ಅರಿವಳಿಕೆ ಕೊಟ್ಟ ಮಗುವಿನ ತುಟಿಯ ಮೇಲೆ, ಚುಚ್ಚುಮದ್ದಿನಿಂದ ಚರ್ಮ ಊದಿಕೊಳ್ಳುವ ಮೊದಲೇ, ಕೈವಾರದಿಂದ ಅಳೆದು ಸೂಜಿಮೊನೆಯ ಬಣ್ಣದ ಚುಕ್ಕೆಗಳನ್ನಿಡಬೇಕು. ಕೆಂಪು ತುಟಿ ಮತ್ತು ಅದರ ಮೇಲಿನ ಚರ್ಮ ಕೂಡುವ ಗೆರೆ ಒಂದು ಮಿಲಿಮೀಟರ್ ತಪ್ಪಿದರೂ ಮಾತಾಡುವಷ್ಟು ದೂರದಿಂದ ಅದು ಕಣ್ಣಿಗೆ ಬೀಳುತ್ತದೆ. ಮಗು ಬೆಳೆದಂತೆ ಆ ತಪ್ಪೂ ಬೆಳೆಯುತ್ತದೆ. ಎಲೆ, ಮೇಣ, ಕೈವಾರ ಎಂದು ಸಾಧನ ಬದಲಾದರೂ, ಕತ್ತಿಗೆ ಮೊದಲು ಅಳತೆ ಎಂಬ ಕ್ರಮ ಸುಶ್ರುತನ ಕಾಶಿಯಿಂದ ಪುಣೆಗೆ, ಪುಣೆಯಿಂದ ಜುನಾಗಢಕ್ಕೆ, ಅಲ್ಲಿಂದ ಅಸಾರ್ವಾದ ಆಪರೇಷನ್ ಥಿಯೇಟರಿಗೆ ಒಂದೇ ಆಗಿ ಬಂದಿದೆ. ಮೊದಲು ಹಿರಿಯರ ಪಕ್ಕದಲ್ಲಿ ನಿಂತು ಕೊಕ್ಕೆ ಹಿಡಿಯುವುದು, ಆಮೇಲೆ ಅಂಗುಳದ ಹೊಲಿಗೆ, ಸರಳವಾದ ಅರೆ ಸೀಳಿನ ತುಟಿ, ಕೊನೆಗೆ ಎರಡೂ ಬದಿ ಪೂರ್ತಿ ಸೀಳಿದ ತುಟಿ. ಈ ಮೆಟ್ಟಿಲು ಹತ್ತಲು ವರ್ಷಗಳು ಹಿಡಿಯುತ್ತವೆ.

ಗುಜರಾತಿನಲ್ಲಿ ಮುಖ ಕಟ್ಟುವವರ ಮುಂದೆ ಇನ್ನೊಂದು ದೊಡ್ಡ ಹೊರೆ ಬಂದು ಬಿದ್ದಿತು. ಅದು ತಂಬಾಕಿನದು. ವಡೋದರ ಮತ್ತು ಅಹಮದಾಬಾದ್ ನಡುವಿನ ಚರೋತರ್ ಬಯಲು ಹೆಸರಾಂತ ತಂಬಾಕಿನ ಸೀಮೆ. ಅಡಿಕೆ, ತಂಬಾಕು ಬೆರೆಸಿದ ಗುಟ್ಕಾ, ಮಾವಾ ಜಗಿಯುವ ಚಟ ಹಬ್ಬಿದಂತೆ ಬಾಯಿಯ ಕ್ಯಾನ್ಸರ್ ಏರಿತು. ಅಹಮದಾಬಾದಿನಲ್ಲಿ 1972ರಲ್ಲಿ ಸ್ಥಾಪನೆಯಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಕೆನ್ನೆ, ದವಡೆ ತೆಗೆಯಬೇಕಾದ ರೋಗಿಗಳು ಬರತೊಡಗಿದರು. ತೆಗೆದ ಜಾಗ ತುಂಬಲು ಮೊದಲು ಹಣೆಯ ಚರ್ಮ, ಎದೆಯ ಮೇಲ್ಭಾಗದ ಚರ್ಮ, 1979ರಲ್ಲಿ ಅರಿಯನ್ ಎಂಬ ಶಸ್ತ್ರವೈದ್ಯ ವಿವರಿಸಿದ ಮೇಲೆ ಎದೆಯ ಸ್ನಾಯು ಬಂದವು. 1989ರ ಬಳಿಕ ಕಾಲಿನ ತೆಳು ಎಲುಬನ್ನು ರಕ್ತನಾಳ ಸಮೇತ ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗೆ ಕತ್ತಿನ ನಾಳಗಳಿಗೆ ಹೊಲಿಯುವ ವಿಧಾನ ರೂಢಿಗೆ ಬಂತು. ತೊಟ್ಟು ಕತ್ತರಿಸಲು ಮೂರು ವಾರ ಕಾಯಬೇಕಾಗಿದ್ದ ಜಾಗದಲ್ಲಿ ಈಗ ತೊಟ್ಟನ್ನು ಮೊದಲೇ ಕತ್ತರಿಸಿ ಹೊಸ ಜಾಗದಲ್ಲಿ ಕೂಡಿಸಬಹುದು. ರಾಜ್ಯ ಸರಕಾರ ಗುಟ್ಕಾ ಮಾರಾಟವನ್ನು 2012ರಲ್ಲಿ ನಿಷೇಧಿಸಿತು.

ಸೀಳುತುಟಿಯ ಮಕ್ಕಳ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು ಹಣದ ದಾರಿ ಬದಲಾದಾಗ. ಮೊದಲು ವಿದೇಶಿ ವೈದ್ಯರ ತಂಡ ಬಂದು ಒಂದು ವಾರ ಶಿಬಿರ ನಡೆಸಿ ಹೋಗುತ್ತಿತ್ತು. ಹೊಲಿಗೆ ಬಿಚ್ಚಿಕೊಂಡರೆ, ಅಂಗುಳದಲ್ಲಿ ತೂತು ಉಳಿದರೆ ಮತ್ತೆ ನೋಡುವವರಿರುತ್ತಿರಲಿಲ್ಲ. 1999ರಲ್ಲಿ ಆರಂಭವಾಗಿ ಮರುವರ್ಷ ಭಾರತಕ್ಕೆ ಬಂದ ಸ್ಮೈಲ್ ಟ್ರೇನ್ ಸಂಸ್ಥೆ ಸ್ಥಳೀಯ ಶಸ್ತ್ರವೈದ್ಯರಿಗೇ ತರಬೇತಿ, ಸ್ಥಳೀಯ ಆಸ್ಪತ್ರೆಗೇ ವೆಚ್ಚ ಎಂಬ ನೀತಿ ಹಿಡಿಯಿತು. 2013ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹೆರಿಗೆಮನೆ, ಅಂಗನವಾಡಿ, ಶಾಲೆಗಳಲ್ಲಿ ಗುರುತಿಸಬೇಕಾದ ಮೂವತ್ತು ತೊಂದರೆಗಳಲ್ಲಿ ಸೀಳುತುಟಿ, ಸೀಳಂಗುಳಗಳನ್ನೂ ಸೇರಿಸಿ, ಉಚಿತ ಚಿಕಿತ್ಸೆಗೆ ಕಳಿಸುವ ವ್ಯವಸ್ಥೆ ಮಾಡಿತು. ದಾಹೋದ್, ಡಾಂಗ್‌ನಂಥ ಆದಿವಾಸಿ ಜಿಲ್ಲೆಗಳ ಮನೆಗಳಿಗೆ ವಡೋದರ, ಸೂರತ್‌ಗಳ ಆಸ್ಪತ್ರೆ ಈ ದಾರಿಯಿಂದ ಹತ್ತಿರವಾಗುತ್ತದೆ.

ಹೀಗೆ ಬಂದ ಮಗುವಿನ ಚಿಕಿತ್ಸೆ ಒಂದೇ ಶಸ್ತ್ರಕ್ರಿಯೆಗೆ ಮುಗಿಯುವುದಿಲ್ಲ. ಹತ್ತು ವಾರ ತುಂಬಿ, ತೂಕ ಹತ್ತು ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ತಲುಪಿ, ಹಿಮೋಗ್ಲೋಬಿನ್ ಹತ್ತು ಗ್ರಾಂ ಮುಟ್ಟಿದ ಮೇಲೆ ತುಟಿ. ಒಂದರಿಂದ ಒಂದೂವರೆ ವರ್ಷದೊಳಗೆ ಅಂಗುಳ. ಕಿವಿಯಲ್ಲಿ ನೀರು ನಿಂತು ಕೇಳಿಸುವುದು ಮಂದವಾಗದಂತೆ ತಪಾಸಣೆ. ಮೂರು ವರ್ಷದಿಂದ ಮಾತಿನ ತರಬೇತಿ. ಎಂಟರಿಂದ ಹನ್ನೊಂದರೊಳಗೆ, ಕೋರೆಹಲ್ಲು ಇಳಿಯುವ ಮೊದಲು, ಸೊಂಟದ ಎಲುಬಿನ ಪುಡಿಯಿಂದ ಒಸಡಿನ ಸೀಳು ತುಂಬುವುದು. ಆಮೇಲೆ ಹಲ್ಲಿಗೆ ತಂತಿ. ಮುಖದ ಬೆಳವಣಿಗೆ ನಿಂತ ಮೇಲೆ, ಹದಿನೆಂಟರ ಸುಮಾರಿಗೆ, ಮೇಲ್ದವಡೆ ಹಿಂದುಳಿದಿದ್ದರೆ ಅದನ್ನು ಮುಂದೆ ತರುವುದು, ಕಡೆಯದಾಗಿ ಮೂಗಿನ ತುದಿಯನ್ನು ಸರಿಪಡಿಸುವುದು.